ಒಂದು ಹಿಡಿ ಕೊಸರಿನ ಅರ್ಥಶಾಸ್ತ್ರ

ನಮ್ಮ ಭಾಗದ ಪದವಿ ಕಾಲೇಜುಗಳ ಹಣೆಬರಹ ಬರೆಯುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಅರ್ಥಶಾಸ್ತ್ರ ಓದಿದವರು ಕೊನೆಗೆ ಸವಣೂರಿನಲ್ಲಿ ಖಾರ ಕಟ್ಟಿಕೊಂಡು ಕೂರಬೇಕಾಗುತ್ತದೆ ಎಂದು ತಾವು ಮೊನ್ನೆ ನಮ್ಮೂರಿನ ಕಾಲೇಜು ಸಭೆಯಲ್ಲಿ ಮೈಕಿನ ಮುಂದೆ ನಿಂತು ಅಪ್ಪಣೆ ಕೊಡಿಸಿದಿರಿ. ಸಭೆ ನಕ್ಕಿತು. ತಾವೂ ನಕ್ಕಿರಿ. ಆ ಹೊತ್ತಿಗೆ ತಮ್ಮ ಮುಂದಿನ ತಟ್ಟೆಯಲ್ಲಿದ್ದ ಖಾರ, ಕಡಲೆಹಿಟ್ಟಿನಲ್ಲಿ ಕರಿದ ನಮ್ಮೂರಿನ ಕುರುಕಲು, ನನ್ನ ಅಂಗಡಿಯದು. ನಾನು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಪದವಿ ಪಡೆದವಳು. ಮದುವೆಯಾದಾಗಿನಿಂದ ಸವಣೂರಿನ ಪೇಟೆಯಲ್ಲಿ ಖಾರ ಮಾರುವವಳು. ಆದ್ದರಿಂದ ತಮ್ಮ ಮಾತು ನನ್ನನ್ನೇ ಕುರಿತು ಆಡಿದಂತಿತ್ತು. ಆದರೆ ಈ ಪತ್ರ ನನಗಾದ ಅವಮಾನಕ್ಕಲ್ಲ. ಗಲ್ಲೆಯ ಮುಂದೆ ಕೂತವಳ ಮೈ ದಪ್ಪವಾಗಿರುತ್ತದೆ, ದಿನಕ್ಕೆ ನಾಲ್ಕು ಮಾತು ಬಿದ್ದರೂ ನಾಟುವುದಿಲ್ಲ. ಆ ನಗುವಿನ ಬೆನ್ನಿಗೇ ತಾವು ಓದಿ ಹೇಳಿದ ಆದೇಶದಿಂದ ಒಬ್ಬ ಹುಡುಗಿಯ ಓದು ಬರುವ ಸೋಮವಾರ ನಿಂತುಹೋಗಲಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ, ಮತ್ತು ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಆದೇಶವನ್ನು ತಾವು ಮರೆತಿರಲಿಕ್ಕಿಲ್ಲ, ಆದರೂ ಓದುಗರಿಗಾಗಿ ಹೇಳುತ್ತೇನೆ. ಸವಣೂರು, ಶಿಗ್ಗಾವಿ, ಹಾನಗಲ್ಲಿನಲ್ಲಿ ಬಿ.ಎ. ಅರ್ಥಶಾಸ್ತ್ರಕ್ಕೆ ಸೇರುವವರು ಕಡಿಮೆ, ಅಲ್ಲಿನ ವಿಭಾಗಗಳು ‘ಹೆಚ್ಚುವರಿ’. ಆದ್ದರಿಂದ ಅವನ್ನೆಲ್ಲ ಮುಚ್ಚಿ ಹಿರೇಕೆರೂರಿನಲ್ಲಿ ಒಂದೇ ವಿಭಾಗ ನಡೆಸಲಾಗುವುದು. ಅರ್ಥಶಾಸ್ತ್ರವೇ ಬೇಕೆನ್ನುವವರು ಅಲ್ಲಿಗೆ ಹೋಗಲಿ, ಬೇಡವಾದವರು ಕೆಲಸ ಕೊಡುವ ಬೇರೆ ವಿಷಯ ಆರಿಸಿಕೊಳ್ಳಲಿ. ಓದಿ ಮುಗಿಸಿ ತಾವು "ಒಂದೇ ಜಿಲ್ಲೆಯೊಳಗೆ ತಾನೆ" ಎಂದಿರಿ. ನಕಾಶೆಯ ಮೇಲೆ ಬೆರಳಿಟ್ಟರೆ ನಾಲ್ಕೂ ಊರು ಒಂದೇ ಅಂಗೈ ಕೆಳಗೆ ಮುಚ್ಚಿಹೋಗುತ್ತವೆ ನಿಜ. ಆದರೆ ಹುಡುಗಿಯರು ನಕಾಶೆಯ ಮೇಲೆ ನಡೆದು ಕಾಲೇಜಿಗೆ ಹೋಗುವುದಿಲ್ಲ. ಅವರು ಬಸ್ಸಿಗೆ ಕಾಯುತ್ತಾರೆ, ಹಾವೇರಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಮತ್ತೆ ಕಾಯುತ್ತಾರೆ, ಸಂಜೆ ಅದೇ ದಾರಿಯಲ್ಲಿ ಕತ್ತಲಾಗುವುದರೊಳಗೆ ಮನೆ ಮುಟ್ಟಬೇಕಾಗುತ್ತದೆ. ಮುಟ್ಟದಿದ್ದರೆ ಮರುದಿನದಿಂದ ಕಾಲೇಜು ಬಂದ್. ಇದನ್ನು ನಾನು ತಮಗೆ ವಿವರಿಸಬೇಕೇ?

ಇನ್ನು ಸೇರುವವರು ಕಡಿಮೆ ಎಂಬ ಮಾತು. ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಕಾಯಂ ಅಧ್ಯಾಪಕರು ನಿವೃತ್ತರಾದ ಮೇಲೆ ಆ ಜಾಗ ತುಂಬಲೇ ಇಲ್ಲ. ಪ್ರತಿವರ್ಷ ಅತಿಥಿ ಉಪನ್ಯಾಸಕರನ್ನು ಕರೆಯುವ ಹೊತ್ತಿಗೆ ಅರ್ಧ ಪಾಠದ ಕಾಲ ಕಳೆದಿರುತ್ತದೆ. ಮೇಷ್ಟ್ರಿಲ್ಲದ ವಿಷಯಕ್ಕೆ ಯಾವ ತಂದೆ ತಾಯಿ ಮಕ್ಕಳನ್ನು ಸೇರಿಸುತ್ತಾರೆ? ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕೂತು, ಗಿರಾಕಿಯೇ ಬರುವುದಿಲ್ಲ ಎಂದು ಪೂರ್ತಿ ಮುಚ್ಚುವ ವ್ಯಾಪಾರಿಯನ್ನು ನಮ್ಮ ಪೇಟೆಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಬರೆಯಲಾರೆ, ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಇಷ್ಟರ ನಡುವೆಯೂ ಸಿರಾಜುದ್ದೀನ ಸರ್ ಎಂಬ ಅತಿಥಿ ಉಪನ್ಯಾಸಕರೊಬ್ಬರು ವರ್ಷ ವರ್ಷವೂ ಬಂದು ಪಾಠ ಮಾಡುತ್ತಾರೆ. ಮಕ್ಕಳನ್ನು ಸಂತೆಗೆ ಕರೆದೊಯ್ಯುತ್ತಾರೆ, ವೀಳ್ಯದೆಲೆಯ ತೋಟಕ್ಕೆ ಕರೆದೊಯ್ಯುತ್ತಾರೆ, ಕಣ್ಣಾರೆ ಕಂಡದ್ದನ್ನು ಪ್ರಶ್ನೆ ಮಾಡಿ ಎನ್ನುತ್ತಾರೆ. ಅವರ ಪುಣ್ಯದಿಂದ ಇನ್ನೂ ಒಂದು ಬೆಂಚಿನಷ್ಟು ಮಕ್ಕಳು ಅಲ್ಲಿ ಉಳಿದಿದ್ದಾರೆ.

ಆ ಬೆಂಚಿನ ತುದಿಯಲ್ಲಿ ಕೂರುವವಳು ವಿದ್ಯಾ. ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಹುಡುಗಿ. ತಂದೆ ಮಾಳಪ್ಪ ಗೌಂಡಿ ಕೆಲಸದವರು. ನಮ್ಮ ಖಾರದ ಭಟ್ಟಿ ಕಟ್ಟಿದವರು ಅವರೇ. ಆ ಕೆಲಸದ ದಿನಗಳಲ್ಲಿ ಒಮ್ಮೆ ನನ್ನ ಗೋಡೆಯ ಮೇಲಿನ ಪದವಿಯ ಫೋಟೋ ನೋಡಿ, "ಅಕ್ಕಾರ, ನೀವು ಓದಿದ್ದು ಏನ್ರಿ? ನನ್ನ ಮಗಳೂ ಅದನ್ನ ಓದಲಿ" ಎಂದರು. ಹಾಗೆ ವಿದ್ಯಾ ಅರ್ಥಶಾಸ್ತ್ರಕ್ಕೆ ಬಂದಳು. ಎರಡು ವರ್ಷ ಮುಗಿಸಿದ್ದಾಳೆ, ಇನ್ನೊಂದು ವರ್ಷ ಉಳಿದಿದೆ. ತರಗತಿ ಮುಗಿದ ಮೇಲೆ ಊರಿನ ಬಸ್ಸು ಬರುವವರೆಗೆ ನನ್ನ ಅಂಗಡಿಯಲ್ಲಿ ತೂಕ ಮಾಡುತ್ತಾಳೆ. ನನಗೆ ಕೈಗೆ ಆಸರೆ, ಅವಳಿಗೆ ಬಸ್ಸಿನ ಖರ್ಚಿಗೆ ಆಸರೆ.

ತಾವು ನಕ್ಕ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ತಕ್ಕಡಿಯ ಲೆಕ್ಕ ಮುಗಿದ ಮೇಲೆ ಮತ್ತೊಂದು ಹಿಡಿ ಖಾರವನ್ನು ಕೈಯಿಂದ ಹಾಕುತ್ತೇವೆ. ಅದು ಕೊಸರು. ಕೇಳುವುದಕ್ಕೆ ಮೊದಲೇ ಹಾಕಿದರೆ ಮರ್ಯಾದೆ, ಕೇಳಿದ ಮೇಲೆ ಹಾಕಿದರೆ ಜಿಪುಣತನ, ಕೇಳಿದರೂ ಹಾಕದಿದ್ದರೆ ಆ ಗಿರಾಕಿ ಎದುರಿನ ಅಂಗಡಿಯವನ ಪಾಲು. ಇದು ಯಾರೂ ಬರೆದಿಟ್ಟ ಕಾನೂನಲ್ಲ. ನಮ್ಮ ಅತ್ತೆ ಹೀಗೆ ಹಾಕುತ್ತಿದ್ದರು, ನಾನೂ ಹಾಕುತ್ತೇನೆ.

ಕಳೆದ ವರ್ಷ ಇದ್ದಕ್ಕಿದ್ದಂತೆ ನಮ್ಮ ಅಂಗಡಿಗೆ ಕೆಟ್ಟ ಹೆಸರು ಬರತೊಡಗಿತು. ಹಳೆಯ ಗಿರಾಕಿಗಳು ಹಿಂದಿನ ಭಟ್ಟಿಯವರೆಗೆ ಬಂದು, "ಮಹಾದೇವಕ್ಕ, ಈಗೀಗ ಕೈ ಬಿಗಿ ಮಾಡೀರಲ್ಲ, ಕೊಸರು ಬಂದ್ ಮಾಡೀರೇನು?" ಎಂದು ಕೇಳತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ವಿದ್ಯಾಳನ್ನು ಕರೆದು ಕೇಳಿದೆ. ಅವಳು ತಲೆ ತಗ್ಗಿಸಿ, "ಹಾಕಾಕತ್ತೇನ್ರಿ ಅಕ್ಕಾರ. ತೂಕದಾಗ ಸೇರಿಸೇ ಹಾಕ್ತೇನಿ. ನಿಮ್ಮ ಹಿಡಿಗಿಂತ ಜಾಸ್ತೀನ ಹೊಕ್ಕೈತ್ರಿ" ಎಂದಳು. ಮತ್ತೆ ತೂಗಿ ನೋಡಿದರೆ ಅವಳ ಮಾತು ನಿಜ. ತಕ್ಕಡಿಯಲ್ಲೇ ಧಾರಾಳವಾಗಿ ಹೆಚ್ಚು ಹಾಕಿ ಪೊಟ್ಟಣ ಕಟ್ಟುತ್ತಿದ್ದಳು, ಕಟ್ಟಿದ ಮೇಲೆ ಕೈ ಹಾಕುತ್ತಿರಲಿಲ್ಲ. ಗಿರಾಕಿಗೆ ಹೋಗುತ್ತಿದ್ದದ್ದು ಮೊದಲಿಗಿಂತ ಹೆಚ್ಚು. ಆದರೂ ಅವರಿಗೆ ಮೋಸವಾದ ಭಾವನೆ! "ಹಂಗ ಯಾಕ ಮಾಡಿದಿ?" ಎಂದರೆ ಮುಂದಿನ ಗಿರಾಕಿಗೆ ತೂಗಲು ತಿರುಗಿದಳು.

ಕಾರಣ ನನಗೆ ತಿಳಿದದ್ದು ಸಿರಾಜುದ್ದೀನ ಸರ್ ಅವರಿಂದ. ಒಂದು ದಿನ ನಾನು ಭಟ್ಟಿಯ ಹತ್ತಿರ ಇದ್ದಾಗ ಊರಿನ ಒಬ್ಬ ದೊಡ್ಡಸ್ತಿಕೆಯ ಮನುಷ್ಯ ಖಾರ ಕೊಂಡಿದ್ದಾರೆ. ಇವಳು ಕೊಸರು ಹಾಕಲು ಕೈ ಚಾಚಿದಾಗ ಚೀಲವನ್ನು ಹಿಂದಕ್ಕೆ ಎಳೆದುಕೊಂಡು, "ನೀ ಯಾರ ಪೈಕಿ ಬೇ?" ಎಂದಿದ್ದಾರೆ. ಇವಳು ತನ್ನ ಜಾತಿ ಹೇಳಿದ್ದಾಳೆ. ಅವರು, "ತೂಕದ್ದಷ್ಟೇ ಸಾಕು, ಮ್ಯಾಲಿಂದು ಬ್ಯಾಡ" ಎಂದು ಹೋಗಿದ್ದಾರೆ. ತಕ್ಕಡಿಯಿಂದ ಬಂದದ್ದು ನಡೆಯುತ್ತದೆ, ಇವಳ ಕೈಯಿಂದ ಬಂದದ್ದು ನಡೆಯುವುದಿಲ್ಲ! ಆವತ್ತಿನಿಂದ ವಿದ್ಯಾ ಯಾರ ಚೀಲವೂ ಹಿಂದೆ ಸರಿಯದ ಹಾಗೆ ಕೊಸರನ್ನು ತೂಕದೊಳಗೇ ಅಡಗಿಸಿದ್ದಾಳೆ. ಆ ಮನುಷ್ಯ ಮುಂದಿನ ವಾರ ಬಂದಾಗ ಅವರಿಗೆ ನಮ್ಮ ಅಂಗಡಿಯಲ್ಲಿ ಖಾರ ಸಿಗಲಿಲ್ಲ, ಇನ್ನು ಮುಂದೆಯೂ ಸಿಗುವುದಿಲ್ಲ.

ಮಾನ್ಯರೇ, ಅಷ್ಟಕ್ಕೇ ಬಿಟ್ಟಿದ್ದರೆ ಇದು ಎಲ್ಲ ಊರಿನಲ್ಲೂ ನಡೆಯುವ ಒಂದು ಹೇಸಿಗೆಯ ಸಂಗತಿಯಾಗಿ ಉಳಿಯುತ್ತಿತ್ತು. ಹುಡುಗಿ ಅತ್ತು ಸುಮ್ಮನಾಗುತ್ತಿದ್ದಳು. ಆದರೆ ಅವಳು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಸರ್ ಅವಳಿಗೆ, "ಅಳೂದು ಆತಲ್ಲ, ಈಗ ವಿಚಾರ ಮಾಡು. ಜಾಸ್ತಿ ಕೊಟ್ರೂ ಕಡಿಮಿ ಕೊಟ್ಟಾರ ಅಂತಾರ, ಯಾಕ? ಇದು ಪುಸ್ತಕದಾಗ ಸಿಗಂಗಿಲ್ಲ, ನೀನ ಹುಡುಕು" ಎಂದರಂತೆ. ಅವಳು ಅದನ್ನೇ ತನ್ನ ಕಿರು ಅಧ್ಯಯನದ ವಿಷಯ ಮಾಡಿಕೊಂಡಳು. ಗೆಳತಿಯರ ಜೊತೆ ಹಾನಗಲ್ಲಿನ ಸಂತೆಗೆ ಹೋದಳು, ಶಿಗ್ಗಾವಿಯ ಕಾಯಿಪಲ್ಯೆ ಮಾರುವವರ ಹತ್ತಿರ ಕೂತಳು, ನಮ್ಮಲ್ಲೇ ಎಲೆ ಮಾರುವ ಮುಸ್ತಾಕ ಕಟ್ಟಿನ ಮೇಲೆ ಎರಡೆಲೆ ಯಾಕೆ ಇಡುತ್ತಾನೆಂದು ಕೇಳಿದಳು. ಹಿರೇಕೆರೂರಿನಲ್ಲಿ ಎಲ್ಲವನ್ನೂ ಮೊಹರು ಮಾಡಿದ ಪೊಟ್ಟಣದಲ್ಲೇ ಮಾರುವ ಹೊಸ ಅಂಗಡಿಯೊಂದರ ಮುಂದೆ ನಿಂತು, ಅಲ್ಲಿ ಕೊಸರು ಕೇಳದ ಜನ ಪಕ್ಕದ ಗಾಡಿಯವನ ಹತ್ತಿರ ಅದನ್ನೇ ಜಗಳ ತೆಗೆದು ಕೇಳುವುದನ್ನು ನೋಡಿ ಬಂದಳು. ಎಲ್ಲಿ ಯಾರು ಯಾರ ಕೈಯಿಂದ ಕೊಸರು ತೆಗೆದುಕೊಳ್ಳುತ್ತಾರೆ, ಯಾರ ಕೈ ಬಂದಾಗ ಚೀಲ ಮುಚ್ಚುತ್ತಾರೆ ಎಂಬುದನ್ನೂ ನೋಡಿದಳು. ಇಷ್ಟೆಲ್ಲ ಆದ ಮೇಲೆ ಅವಳು ನನ್ನ ಗಲ್ಲೆಯ ಹತ್ತಿರ ನಿಂತು ಹೇಳಿದ ಮಾತು ಇದು: "ಅಕ್ಕಾರ, ಮಂದಿ ಕೊಸರಿನ್ಯಾಗ ಖಾರ ನೋಡಂಗಿಲ್ರಿ. ತಕ್ಕಡಿ ನಿಂತ ಮ್ಯಾಲೂ ನಮ್ಮ ಸಲುವಾಗಿ ಒಂದು ಕೈ ಎದ್ದು ಬರ್ತೈತೇನು, ಅದನ್ನ ನೋಡ್ತಾರ್ರಿ."

ನನ್ನ ಕಾಲದಲ್ಲಿ ಬೇಡಿಕೆ, ಪೂರೈಕೆ ಎಂದು ಗಿಳಿಪಾಠ ಒಪ್ಪಿಸಿ ಪಾಸಾದವಳು ನಾನು. ಅಷ್ಟು ಓದಿದ್ದೂ ದಂಡವಾಗಲಿಲ್ಲ. ಹೊರಗಿನ ಬಣ್ಣದ ಪೊಟ್ಟಣಗಳು ಪೇಟೆಗೆ ನುಗ್ಗಿದಾಗ ನಮ್ಮ ಯಜಮಾನರು ಪರಮೇಶ್ವರಪ್ಪನವರು ಕಡಲೆಹಿಟ್ಟಿಗೆ ಅಗ್ಗದ ಹಿಟ್ಟು ಬೆರೆಸೋಣ ಎಂದರು. ಆ ದಾರಿಯಲ್ಲಿ ನಾವು ಸೋಲುವುದು ಖಂಡಿತ ಎಂದು ಅವರಿಗೆ ತಿಳಿಹೇಳಿ ತಡೆದದ್ದು ಆ ಓದೇ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಹಾನಗಲ್ಲಿನ ಸಹಕಾರ ಸಂಘದಲ್ಲಿದ್ದಾಳೆ, ಒಬ್ಬರು ಶಾಲೆಯಲ್ಲಿ ಪಾಠ ಹೇಳುತ್ತಾರೆ, ಒಬ್ಬರು ರೈಲ್ವೆಯಲ್ಲಿದ್ದಾರೆ, ಯಲವಿಗಿ ಸ್ಟೇಶನ್ನಿನಲ್ಲಿ ಆಗಾಗ ಸಿಗುತ್ತಾರೆ. ಏನೂ ಆಗದವರೂ ಇದ್ದಾರೆ. ಆದರೆ ಅರ್ಥಶಾಸ್ತ್ರ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ದೂರ ಯಾಕೆ ಹೋಗಬೇಕು? ತಾವೇ ಅಂದು ಭಾಷಣದ ಶುರುವಿನಲ್ಲಿ, "ನಾನೂ ಒಂದು ಕಾಲದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೇ" ಎಂದು ಎದೆಯುಬ್ಬಿಸಿ ಹೇಳಿಕೊಂಡಿರಿ. ತಮ್ಮನ್ನು ಆ ಕುರ್ಚಿಯವರೆಗೆ ಒಯ್ದ ಬಸ್ಸು ನಮ್ಮ ಹುಡುಗಿಯ ಹತ್ತಿರ ಬಂದಾಗ ಮಾತ್ರ ಯಾಕೆ ನಿಲ್ಲುವುದಿಲ್ಲ? ತಾವು ಹತ್ತಿದ ಮೇಲೆ ಬಾಗಿಲು ಹಾಕಿಕೊಂಡಿರಾ?

ಸಭೆಯ ದಿನ ಮಾಳಪ್ಪನವರೂ ಬಂದಿದ್ದರು. ಪಾಲಕರು ಬರಬೇಕೆಂದು ಕಾಲೇಜಿನವರೇ ಹೇಳಿ ಕಳಿಸಿದ್ದರು. ಅವತ್ತಿನ ಕೂಲಿ ಬಿಟ್ಟು, ಒಗೆದ ಬಿಳಿ ಅಂಗಿ ಹಾಕಿಕೊಂಡು, ಕೊನೆಯ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದರು. ತಾವು ವಿಭಾಗ ಮುಚ್ಚುವ ಮಾತು ತೆಗೆದಾಗ ವಿದ್ಯಾ ಎದ್ದು ನಿಂತಳು. "ಸರ್, ನಮ್ಮದು ಇನ್ನೊಂದು ವರ್ಷ ಐತ್ರಿ. ಅದಾದ್ರೂ ಇಲ್ಲೇ ಮುಗಿಸಾಕ ಬಿಡ್ರಿ" ಎಂದಳು. ತಾವು, "ನೀನು ಅರ್ಥಶಾಸ್ತ್ರದಲ್ಲಿ ಅಂಥದ್ದೇನು ಓದುತ್ತಿದ್ದೀಯಮ್ಮಾ?" ಎಂದು ಕೇಳಿದಿರಿ. ಅವಳು ನಂಬಿ ಉತ್ತರ ಕೊಟ್ಟಳು. "ಕೊಸರಿನ ಮ್ಯಾಲ ಅಧ್ಯಯನ ಮಾಡಾಕತ್ತೇನ್ರಿ, ಖಾರದ ಅಂಗಡ್ಯಾಗ." ತಾವು ತಟ್ಟೆಯಿಂದ ಒಂದು ಹಿಡಿ ಎತ್ತಿ ಸಭೆಗೆ ತೋರಿಸಿ, "ಈ ಒಂದು ಹಿಡಿ ಖಾರದಲ್ಲಿ ಯಾವ ಅರ್ಥಶಾಸ್ತ್ರ ಇದೆ?" ಎಂದಿರಿ. ಆಮೇಲೆ ಬಂದದ್ದೇ ಆ ಖಾರ ಕಟ್ಟುವ ಮಾತು, ಆ ನಗು. ಸಿರಾಜುದ್ದೀನ ಸರ್ ಎದ್ದು ಏನೋ ಹೇಳಲು ಹೋದರು, ಪಕ್ಕದವರು ಅಂಗಿ ಹಿಡಿದು ಕೂರಿಸಿದರು. ಅತಿಥಿಗಳಲ್ಲವೇ, ನಾಳೆ ಕರೆಯದಿದ್ದರೆ ಏನು ಮಾಡುತ್ತಾರೆ! ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಮಾಳಪ್ಪನವರು ನಗುತ್ತಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ವಿದ್ಯಾ ಅಂಗಡಿಗೆ ಬಂದಳು. ಬರುವುದು ಬೇಡ, ಮನೆಗೆ ಹೋಗು ಎಂದೆ. ಕೇಳಲಿಲ್ಲ, ಮುಖ ತೊಳೆದುಕೊಂಡು ತಕ್ಕಡಿಯ ಹತ್ತಿರ ನಿಂತಳು. ಅವಳಪ್ಪ ಹೊರಗಿನ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕೂತರು. ಆಗ ತಮ್ಮ ವಾಹನ ಬಂದು ನಮ್ಮ ಅಂಗಡಿಯ ಮುಂದೆಯೇ ನಿಂತಿತು. ನೆನಪಿದೆಯೇ, ಮಾನ್ಯರೇ? ತಮ್ಮ ಡ್ರೈವರ್ ಇಳಿದು, "ಸಾಹೇಬ್ರಿಗೆ ಖಾರ ಬೇಕಂತ್ರಿ, ಮನೀಗೆ ಒಯ್ಯಾಕ" ಎಂದ. ವಿದ್ಯಾ ತೂಗಿದಳು. ಈಗಿನ ಅವಳ ರೂಢಿಯಂತೆ ತಕ್ಕಡಿಯಲ್ಲೇ ಕೇಳಿದ್ದಕ್ಕಿಂತ ಹೆಚ್ಚು ಹಾಕಿ ಚೀಲಕ್ಕೆ ಸುರಿದಳು. ಡ್ರೈವರ್ ಒಯ್ದು ಕೊಟ್ಟ. ಕೊಟ್ಟವನು ಮತ್ತೆ ತಿರುಗಿ ಬಂದ. ತಲೆ ಕೆರೆದುಕೊಂಡು, ಮೆಲ್ಲಗೆ, "ಅಕ್ಕಾರ, ಸಾಹೇಬ್ರು ಕೊಸರು ಹಾಕಿಲ್ಲಲ್ಲ ಅನ್ನಾಕತ್ತಾರ್ರಿ" ಎಂದ.

ವಿದ್ಯಾ ನನ್ನ ಮುಖ ನೋಡಿದಳು. "ಹಾಕು. ನಿನ್ನ ಕೈಲೇನ ಹಾಕಿ ಬಾ" ಎಂದೆ. ಅವಳು ಒಂದು ಹಿಡಿ ತುಂಬಿಕೊಂಡು ವಾಹನದವರೆಗೆ ನಡೆದು ಹೋದಳು. ತಾವು ಕಿಟಕಿಯಿಂದ ಚೀಲದ ಬಾಯಿ ಅಗಲಿಸಿ ಹಿಡಿದಿರಿ. ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ತಾವು ಒಳ್ಳೆಯವರು, ಇಲ್ಲವೆನ್ನುವುದಿಲ್ಲ. ಆದರೆ ಸ್ವಲ್ಪ ಹೊತ್ತಿನ ಮುಂಚೆ ಇಡೀ ಸಭೆಯ ಎದುರು ಇನ್ನೊಂದು ವರ್ಷ ಓದಲು ಬಿಡಿ ಎಂದು ತಮ್ಮನ್ನು ಕೇಳಿದ ಹುಡುಗಿ ಇವಳೇ ಎಂದು ತಮಗೆ ಗುರುತು ಸಿಗಲಿಲ್ಲ. ಅವಳ ಕೈ ನೋಡಿದಿರಿ, ಮುಖ ನೋಡಲಿಲ್ಲ. ಕೊಸರು ಬಿದ್ದ ಮೇಲೆ ತಾವು ತಲೆದೂಗಿ, ತೃಪ್ತಿಯಿಂದ ಕಿಟಕಿ ಏರಿಸಿಕೊಂಡಿರಿ. ಹೆಚ್ಚಿನ ಖಾರ ಮೊದಲೇ ತಮ್ಮ ಚೀಲದಲ್ಲಿತ್ತು. ಆದರೂ ತಮಗೆ ಸಾಲಲಿಲ್ಲ. ಒಂದು ಹಿಡಿ ಖಾರದಲ್ಲಿ ಯಾವ ಅರ್ಥಶಾಸ್ತ್ರ ಇದೆ ಎಂದು ಕೇಳಿದ್ದಿರಲ್ಲ, ಅದರ ಉತ್ತರವನ್ನು ತಾವೇ ಬಾಯಿಬಿಟ್ಟು ಕೇಳಿ ಮನೆಗೆ ಒಯ್ದಿರಿ.

ವಾಹನ ಹೋದ ಮೇಲೆ ವಿದ್ಯಾ ಅವತ್ತು ಮೊದಲ ಸಲ ನಕ್ಕಳು. "ಅಕ್ಕಾರ, ಸಾಹೇಬ್ರೂ ನನ್ನ ಅಧ್ಯಯನದಾಗ ಬಂದ್ರು ನೋಡ್ರಿ" ಎಂದಳು. ನಾನೂ ನಕ್ಕೆ. ಕಟ್ಟೆಯ ಮೇಲಿದ್ದ ಮಾಳಪ್ಪನವರು ನಗಲಿಲ್ಲ. ಎದ್ದು ಒಳಗೆ ಬಂದು ನನಗೆ ಹೇಳಿದರು: "ನನ್ನ ಮ್ಯಾಲ ಮಂದಿ ನಗೂದು ನಂಗ ಹೊಸಾದಲ್ರಿ ಅಕ್ಕಾರ. ಮಗಳ ಮ್ಯಾಲ ನಗೂದು ಹೊಸಾದು. ಅದನ್ನ ನೋಡಾಕ ನಾ ಆಕೀನ ಓದಿಸಲಿಲ್ಲ. ಹಿರೇಕೆರೂರಿಗೆ ದಿನಾ ಕಳಸೂದು ನಮ್ಮ ಕೈಲೆ ಆಗಂಗಿಲ್ಲ. ಸಾಕು, ಸೋಮವಾರದಿಂದ ವ್ಯಾನ್ ಹತ್ತಲಿ." ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ವ್ಯಾನು ಆ ಕಡೆಯ ಹಳ್ಳಿಗಳಿಗೆ ಬಂದು ಹುಡುಗಿಯರನ್ನು ಕರೆದೊಯ್ಯುತ್ತದೆ. ಹೊಲಿಗೆ ಕೀಳು ಕೆಲಸವಲ್ಲ, ಅದನ್ನು ಮಾಡಿ ಮನೆ ನಡೆಸುವ ಎಷ್ಟೋ ಹೆಣ್ಣುಮಕ್ಕಳು ನನ್ನ ಗಿರಾಕಿಗಳೇ. ಆದರೆ ವಿದ್ಯಾ ಅದನ್ನು ಆರಿಸಿಕೊಂಡಿಲ್ಲ. ಅವಳು ಆರಿಸಿಕೊಂಡದ್ದನ್ನು ತಾವು ಮುಚ್ಚಿದ್ದೀರಿ. ಅವತ್ತು ಅಪ್ಪನ ಹಿಂದೆ ಬಸ್ಸು ಹತ್ತಿದವಳು ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ತಾಯಿ ಚೌಡವ್ವ ಫೋನಿನಲ್ಲಿ, "ಉಣ್ಣಾಕ ಒಲ್ಲಳ್ರಿ, ಮಾತಾಡಾಕೂ ಒಲ್ಲಳು" ಎಂದು ಅತ್ತರು. ನಾನು ಮಾಳಪ್ಪನವರ ಮನೆಗೇ ಹೋಗಿ ಕೈ ಮುಗಿದು ಕೇಳಿದೆ. ಅವರದು ಒಂದೇ ಮಾತು: "ನಕ್ಕವರು ಬಂದು ಹೇಳಲಿ."

ನಮ್ಮ ಯಜಮಾನರು ಈ ಪತ್ರ ಬೇಡವೆಂದರು. "ದೊಡ್ಡವರ ಜೋಡಿ ಯಾಕ ಬೇಕು? ನಾಳೆ ಎಣ್ಣಿ ತಪಾಸ ಮಾಡ್ತೇವಿ, ಹಿಟ್ಟು ತಪಾಸ ಮಾಡ್ತೇವಿ ಅಂತ ಯಾರನ್ನರ ಕಳಿಸಿದ್ರ?" ಎಂದು ಅವರ ಚಿಂತೆ. ಕಳಿಸಲಿ. ನಮ್ಮ ಎಣ್ಣೆ ನೋಡಲಿ, ಹಿಟ್ಟು ನೋಡಲಿ, ಹೋಗುವಾಗ ಖಾರ ಕೊಂಡು ಹೋಗಲಿ. ನನಗೆ ಅದರ ಹೆದರಿಕೆ ಇಲ್ಲ. ಆ ಹುಡುಗಿ ಸುಮ್ಮನಾಗಿಬಿಟ್ಟರೆ ಏನು ಎಂಬ ಹೆದರಿಕೆ ಇದೆ. ಕೈ ಚಾಚಿದಾಗ ಒಬ್ಬರು ಚೀಲ ಎಳೆದುಕೊಂಡರೂ ಅವಳು ಸುಮ್ಮನಾಗಿರಲಿಲ್ಲ, ಅದನ್ನೇ ಪ್ರಶ್ನೆ ಮಾಡಿಕೊಂಡು ಊರೂರು ತಿರುಗಿದಳು. ತಾವು ಮೈಕಿನಲ್ಲಿ ಒಂದು ಸಲ ನಕ್ಕದ್ದಕ್ಕೆ ಸುಮ್ಮನಾಗಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನಮ್ಮ ಮೂರೂ ಊರುಗಳ ಅರ್ಥಶಾಸ್ತ್ರ ವಿಭಾಗ ಮುಚ್ಚುವ ಆದೇಶವನ್ನು ಹಿಂತೆಗೆದುಕೊಳ್ಳಿ. ಅದಕ್ಕೆ ಕಡತ ಮೇಲೆ ಹೋಗಬೇಕು, ಕೆಳಗೆ ಬರಬೇಕು ಎನ್ನುವುದಾದರೆ, ಈಗ ಓದುತ್ತಿರುವ ಮಕ್ಕಳ ಕೊನೆಯ ವರ್ಷವನ್ನು ಇಲ್ಲೇ ಮುಗಿಸಲು ಬಿಡಿ. ಅಷ್ಟು ತಮ್ಮ ಕೈಯಲ್ಲೇ ಇದೆ ಎಂದು ತಿಳಿದವರು ಹೇಳುತ್ತಾರೆ. ಆ ಮಾತನ್ನು ಕಾಗದದಲ್ಲಿ ಕಳಿಸಬೇಡಿ. ಸೋಮವಾರ ಬೆಳಿಗ್ಗೆ ವ್ಯಾನು ಹಿರೇಬೆಂಡಿಗೇರಿ ಮುಟ್ಟುವುದಕ್ಕೆ ಮೊದಲೇ ತಾವು ಮುಟ್ಟಬೇಕು. ಮಾಳಪ್ಪನವರ ಮನೆಯ ಮುಂದೆ ನಿಂತು, ನಾಲ್ಕು ಜನ ಕೇಳುವ ಹಾಗೆ, "ನಿನ್ನ ಮಗಳು ಓದುತ್ತಿರುವುದು ನಗುವಂಥದ್ದಲ್ಲ" ಎಂದು ಹೇಳಬೇಕು. ಮೈಕು ಬೇಕೆಂದರೆ ನಾನೇ ಬಾಡಿಗೆಗೆ ತಂದಿಡುತ್ತೇನೆ.

ನಿಯಮದ ಪ್ರಕಾರ ನೋಡಿದರೆ ಆ ಒಂದು ಬೆಂಚಿನ ಮಕ್ಕಳು ಹೆಚ್ಚುವರಿಯೇ ಇರಬಹುದು. ತಮ್ಮ ತಕ್ಕಡಿ ನಿಂತಾಗಿದೆ, ತೂಕವೂ ಸರಿ ಇದೆ ಎಂದೇ ಇಟ್ಟುಕೊಳ್ಳೋಣ. ನಾವು ಕೇಳುತ್ತಿರುವುದು ಆಮೇಲಿನದ್ದು. ಸವಣೂರಿನಲ್ಲಿ ಅದನ್ನು ಕೇಳುವುದು ತಪ್ಪಲ್ಲ ಎಂದು ತಮಗೂ ಗೊತ್ತಿದೆ, ತಾವೂ ಕೇಳಿದವರೇ.

ತಾವು ಬರದಿದ್ದರೂ ಮುಂದೆ ಈ ದಾರಿಯಲ್ಲಿ ಹೋಗುವಾಗ ತಮ್ಮ ಡ್ರೈವರನ್ನು ನಮ್ಮ ಅಂಗಡಿಗೆ ಕಳಿಸಬಹುದು. ಖಾರ ಕೊಡುತ್ತೇನೆ, ಇಲ್ಲವೆನ್ನುವುದಿಲ್ಲ. ತೂಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಮೇಲೆ ಒಂದು ಹಿಡಿ ಹಾಕುವ ಕೈ ಆಗ ಅಂಗಡಿಯಲ್ಲಿ ಇರುವುದಿಲ್ಲ.

ಇಂತಿ,
ಅರ್ಥಶಾಸ್ತ್ರ ಓದಿ, ತಾವು ಹೇಳಿದ ಹಾಗೆಯೇ ಖಾರ ಕಟ್ಟಿಕೊಂಡು ಕೂತಿರುವ
ಮಹಾದೇವಕ್ಕ
ಸವಣೂರು